ನೀಲಿ ಮನೆಗೆ ಬಂದ ಸೊಸೆ

“ನಿಲ್ಲಿ! ಒಳಗೆ ಬರಬೇಡಿ!”

ಅವಳು ಕೂಗುವಷ್ಟರಲ್ಲಿ ಅವನ ಬಲಗಾಲು ಹೊಸ್ತಿಲು ದಾಟಿಯಾಗಿತ್ತು.

ಅವಳ ಎರಡೂ ಕೈಗಳು ಮೊಣಕೈವರೆಗೆ ಬಾನಿಯಲ್ಲಿ ಮುಳುಗಿದ್ದವು. ಕುತ್ತಿಗೆಯವರೆಗೆ ನೆಲದಲ್ಲಿ ಹೂತಿಟ್ಟ ದೊಡ್ಡ ಮಣ್ಣಿನ ಬಾನಿ ಅದು. ಅದರ ತುಂಬ ಉಗುರುಬೆಚ್ಚಗಿನ ಬಣ್ಣದ ನೀರು. ಒಳಗಿದ್ದ ನೂಲಿನ ಲಡಿಯನ್ನು ಈಗಲೇ ಮೇಲೆತ್ತಬೇಕು, ತಡವಾದರೆ ಕಲೆ ಬೀಳುತ್ತದೆ. ಆದರೆ ಹೊರಗಿನವರ ಕಣ್ಣೆದುರು ಎತ್ತುವಂತಿಲ್ಲ!

‘ಏನ್ ಮಾಡ್ಲಿ ಈಗ? ನೂಲು ಹಾಳಾದ್ರೆ ಅಪ್ಪನ ಮುಖ ನೋಡೋದು ಹೇಗೆ...’

ಎತ್ತಿಯೇಬಿಟ್ಟಳು.

ಮೇಲೆ ಬಂದ ನೂಲು ಚಿಗುರೆಲೆಯ ಹಸಿರಾಗಿತ್ತು. ಬಾಗಿಲಿನಿಂದ ಬಂದ ಬೆಳಗಿನ ಗಾಳಿ ಅದಕ್ಕೆ ತಾಕಿತು. ನೋಡನೋಡುತ್ತಿದ್ದಂತೆ ಹಸಿರು ಕರಗುತ್ತ, ಅಂಚಿನಿಂದ ಒಳಗೊಳಗೆ ನೀಲಿ ಹರಡುತ್ತ... ಇಡೀ ಲಡಿ ಮುಸ್ಸಂಜೆಯ ಆಕಾಶದ ಬಣ್ಣಕ್ಕೆ ತಿರುಗಿತು.

ಅವನು ಬಾಯಿ ಬಿಟ್ಟುಕೊಂಡು ನಿಂತಿದ್ದ.

“ಇದು... ಹಸಿರಾಗಿತ್ತಲ್ವಾ? ಈಗ ತಾನೇ ಹಸಿರಾಗಿತ್ತು! ನನ್ನ ಕಣ್ಣಾಣೆ!”

“ಹೊರಗೆ ಹೋಗಿ ಅಂದೆ!”

“ಹೋಗ್ತೀನಿ, ಹೋಗ್ತೀನಿ... ಇನ್ನೊಂದ್ ಸಲ ಮಾಡಿ ತೋರಿಸಿ, ಹೋಗ್ತೀನಿ.”

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ಎರಡನ್ನೂ ಒಟ್ಟಿಗೆ ಮುಖದ ಮೇಲೆ ಇಟ್ಟುಕೊಳ್ಳುವುದು ಹೇಗೆಂದು ತಿಳಿಯದೆ ತಲೆ ತಗ್ಗಿಸಿದಳು. ಆಗಲೇ ತನ್ನ ಕೈ ಕಂಡಿತು. ಉಗುರಿನಿಂದ ಮೊಣಕೈವರೆಗೆ ನೀಲಿ. ಸರಕ್ಕನೆ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

“ಕೈ ಯಾಕೆ ಬಚ್ಚಿಡ್ತೀರಿ? ಇಷ್ಟು ಚೆಂದದ ಕೈನ!”

ಈ ಕೈಗಳನ್ನು ಹೊಲಸು ಅಂದವರಿದ್ದರು, ಪಾಪ ಅಂದವರಿದ್ದರು. ಚೆಂದ ಅಂದವರು ಇಲ್ಲಿಯವರೆಗೆ ಯಾರೂ ಇರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಸೋದರತ್ತೆಯ ದನಿ ಬಂತು. “ಯಾರೇ ಅದು ಹೊಸ್ತಿಲ ಒಳಗೆ? ಮೇಲಿನ ಬೀದಿಯವನಾ? ಕಣ್ಣು ಹಣೆ ಮೇಲಿಟ್ಕೊಂಡು ಬಂದ್ಯೇನಪ್ಪಾ?”

ಅವನು ಒಂದೇ ಜಿಗಿತಕ್ಕೆ ಹೊರಗಾದ. ತಂದಿದ್ದ ಬಿಳಿ ನೂಲನ್ನು ಹೊರಗಿನ ಕಲ್ಲಿನ ಮೇಲಿಟ್ಟು, ತಿರುಗಿ ತಿರುಗಿ ನೋಡುತ್ತ ಹೋದ.

ಆ ಕಲ್ಲಿನ ಬಗ್ಗೆ ಎರಡು ಮಾತು ಹೇಳಲೇಬೇಕು.

ಆ ಊರಿನಲ್ಲಿ ನೇಯುವವರ ಬೀದಿ ಮೇಲೆ, ಬಣ್ಣದವರ ಬೀದಿ ಕೆಳಗೆ. ಬಣ್ಣದ ನೀರು ಇಳಿಜಾರಿಗೆ ಹರಿದುಹೋಗಲಿ ಎಂದು ಯಾರೋ ಎಂದೋ ಹಾಗೆ ಮಾಡಿದ್ದರು. ಆಮೇಲೆ ನೀರಿನ ಮಾತು ಮರೆತುಹೋಯಿತು, ಮೇಲು ಕೆಳಗು ಮಾತ್ರ ಉಳಿಯಿತು! ಮೇಲಿನವರು ನೂಲು ತಂದು ಬಣ್ಣದ ಮನೆಯ ಹೊಸ್ತಿಲಾಚೆಯ ಅಗಲವಾದ ಕಲ್ಲಿನ ಮೇಲಿಟ್ಟು ಹಿಂದೆ ಸರಿಯುತ್ತಾರೆ. ಕೆಳಗಿನವರು ಬಂದು ಎತ್ತಿಕೊಳ್ಳುತ್ತಾರೆ. ಬಣ್ಣ ಹಾಕಿದ ನೂಲೂ ಹಾಗೆಯೇ ಹಿಂತಿರುಗುತ್ತದೆ. ಕೈ ಕೈ ತಾಕುವುದಿಲ್ಲ. ಇವರು ಆಚೆ ಬರುವುದಿಲ್ಲ, ಅವರು ಈಚೆ ಬರುವುದಿಲ್ಲ.

ಇದನ್ನೆಲ್ಲ ಮರೆತವನಂತೆ ಒಳಗೆ ನುಗ್ಗಿದವನು ದೊಡ್ಡ ಮಗ್ಗದ ಮನೆಯ ಕಿರಿ ಮಗ. ಚಿಕ್ಕಂದಿನಿಂದ ಸೋದರಮಾವನ ಊರಿನಲ್ಲಿದ್ದು ನೇಯ್ಗೆ ಕಲಿತು, ಆಗಷ್ಟೇ ಮನೆಗೆ ಮರಳಿದ್ದ. ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುವ ಲಾಳಿಯ ಹಾಗೆ ಒಂದು ಕಡೆ ನಿಲ್ಲದವನು. ಹಾಗಾಗಿ ಅವನಿಗೆ ಎಲ್ಲರೂ ಇಟ್ಟ ಹೆಸರೇ ಲಾಳಿ.

ಅವಳಿಗೂ ಒಂದು ಹೆಸರಿತ್ತು. ಬಣ್ಣದಕ್ಕ. ಕಿರಿಯರೂ ಅಕ್ಕ ಅನ್ನುತ್ತಿದ್ದರು, ಅವಳಿಗಿಂತ ಹಿರಿಯರೂ ಅಕ್ಕ ಅನ್ನುತ್ತಿದ್ದರು! ಯಾಕೆ ಗೊತ್ತೇ?

ಆ ಮನೆಯ ನೀಲಿಗೆ ಒಂದು ನಿಯಮವಿತ್ತು. ಬಾನಿಯ ವಿದ್ಯೆ ಸೊಸೆಗೆ ಕಲಿಸಬೇಕು, ಮಗಳಿಗೆ ಕಲಿಸಬಾರದು. ಮಗಳು ಹೊರಗೆ ಹೋಗುವವಳು, ಅವಳ ಜೊತೆ ವಿದ್ಯೆಯೂ ಹೊರಗೆ ಹೋಗುತ್ತದೆ. ಸೊಸೆ ಒಳಗೆ ಬಂದವಳು, ಅವಳ ಜೊತೆ ವಿದ್ಯೆ ಉಳಿಯುತ್ತದೆ. ಅತ್ತೆಯಿಂದ ಸೊಸೆಗೆ, ಆ ಸೊಸೆಯಿಂದ ಅವಳ ಸೊಸೆಗೆ... ಹೀಗೆ ಆ ಬಾನಿ ಒಮ್ಮೆಯೂ ಬರಿದಾಗದೆ ಬದುಕಿತ್ತು. ಬದುಕಿತ್ತು ಎಂದರೆ ನಿಜವಾಗಿ ಬದುಕಿತ್ತು. ಹೊತ್ತು ಹೊತ್ತಿಗೆ ಅದಕ್ಕೆ ಹೊಟ್ಟು, ಸುಣ್ಣ ಉಣಿಸಬೇಕು. ಚಳಿಯಾದರೆ ಹೊದಿಸಬೇಕು. ಹದವಾಗಿದ್ದರೆ ನೀರಿನ ಮೇಲೆ ತಾಮ್ರದ ಹೊಳಪಿನ ನೊರೆ ಏಳುತ್ತದೆ. ಅದಕ್ಕೆ ‘ಬಾನಿ ಹೂ ಬಿಟ್ಟಿತು’ ಅನ್ನುತ್ತಾರೆ.

ಅವಳ ಅಮ್ಮ ಸೊಸೆಯಾಗಿ ಬಂದು ಕಲಿತವಳು. ಅವಳ ಕೈಯ ನೀಲಿಗೆ ಸಾಟಿಯಿರಲಿಲ್ಲ. ಅಮ್ಮ ತೀರಿಕೊಂಡಾಗ ಮನೆಯಲ್ಲಿ ಗಂಡು ಮಕ್ಕಳಿರಲಿಲ್ಲ, ಸೊಸೆ ಬರುವ ದಾರಿಯೂ ಇರಲಿಲ್ಲ. ಅಪ್ಪನ ಕೈ ಆಗಲೇ ನಡುಗುತ್ತಿತ್ತು. ಬಾನಿ ಸಾಯುವುದನ್ನು ನೋಡಲಾರದೆ, ಹೆಂಡತಿಯ ಪಕ್ಕದಲ್ಲಿ ನಿಂತು ನೋಡಿ ಕಲಿತದ್ದನ್ನೆಲ್ಲ ಇನ್ನೂ ಎರಡು ಜಡೆ ಹಾಕುತ್ತಿದ್ದ ಮಗಳಿಗೇ ಕಲಿಸಿಕೊಟ್ಟರು. ಬದಲಿಗೆ ಒಂದು ಮಾತು ತೆಗೆದುಕೊಂಡರು.

“ಈ ಮನೆ ಬಿಟ್ಟು ಹೋಗಲ್ಲ ಅಪ್ಪಾ. ಮದುವೆ ಆಗಲ್ಲ.”

ಎಷ್ಟು ಸುಲಭವಾಗಿ ಹೇಳಿದ್ದಳು! ಆ ವಯಸ್ಸಿನಲ್ಲಿ ಆ ಮಾತಿನ ತೂಕ ಯಾರಿಗೆ ಗೊತ್ತು? ಅಂದಿನಿಂದ ಅವಳು ಯಾರಿಗೂ ಹೆಂಡತಿಯಾಗದೆ ಎಲ್ಲರಿಗೂ ಅಕ್ಕನಾದಳು.

ಆಮೇಲೆ ಅಪ್ಪ ಕಾಡಿಗೆ ಹೋದರು. ಕಾಡು ಎಂದರೆ ಹಿತ್ತಿಲಿನ ಒಂದು ಕೋಣೆ, ಅದರ ಮುಂದೆ ಒಂದು ಮರ. “ಕಲಿಯೋದಕ್ಕೊಂದು ಕಾಲ, ಸಂಸಾರಕ್ಕೊಂದು ಕಾಲ, ಬಿಟ್ಟು ಕೂರೋದಕ್ಕೊಂದು ಕಾಲ. ನಂದು ಮೂರನೇದು,” ಎಂದು ಚಾಪೆ ಹಾಸಿಕೊಂಡು ಕೂತುಬಿಟ್ಟರು. ಊಟದ ಹೊತ್ತಿಗೆ ಮಾತ್ರ ಕಾಡಿನಿಂದ ತಪ್ಪದೆ ಬರುತ್ತಿದ್ದರು!

‘ನನ್ನದು ಯಾವ ಕಾಲ?’ ಅವಳು ಬಾನಿ ಕಲಕುತ್ತ ಎಷ್ಟೋ ಸಲ ಯೋಚಿಸಿದ್ದಳು. ‘ಕಲಿಯೋದು ಮುಗೀತು. ಸಂಸಾರ ಇಲ್ಲ. ಬಿಟ್ಟು ಕೂರೋ ಹಾಗೂ ಇಲ್ಲ. ಎಲ್ಲರಿಗೂ ಒಂದೊಂದು ಕಾಲ ಇದೆ... ನಾನು ಯಾವುದರಲ್ಲಿದೀನಿ?’

ಕೇಳಿರಲಿಲ್ಲ. ಅಕ್ಕ ಅನ್ನಿಸಿಕೊಂಡವಳು ಅಂಥದ್ದನ್ನು ಕೇಳುವುದಿಲ್ಲ.

ಲಾಳಿ ಮತ್ತೆ ಬಂದ. ಮನೆಯಲ್ಲಿ ನೂಲು ತರುವ ಕೆಲಸ ಅವನದಾಯಿತೋ, ಅವನೇ ಕೇಳಿ ಪಡೆದುಕೊಂಡನೋ, ಅದು ಅವನಿಗೇ ಗೊತ್ತು. ಈ ಸಲ ಹೊಸ್ತಿಲು ದಾಟಲಿಲ್ಲ. ಕಲ್ಲಿನ ಮೇಲೆ ನೂಲಿಟ್ಟು, ಹಿಂದೆ ಸರಿಯುವ ಬದಲು ಅದರ ಅಂಚಿನಲ್ಲಿ ಕೂತುಬಿಟ್ಟ.

“ಅಲ್ಲಿ ಯಾರೂ ಕೂರಲ್ಲ,” ಎಂದಳು ಅವಳು ಒಳಗಿನಿಂದ.

“ಹಾಗಾದ್ರೆ ಜಾಗ ಖಾಲಿ ಇದೆ ಅಂತಾಯ್ತು.”

“ನೂಲು ಇಟ್ಟಾಯ್ತಲ್ಲ? ಇನ್ನೇನು?”

“ನೀವು ಬಂದು ಎತ್ಕೊಂಡ್ರೆ ಹೋಗ್ತೀನಿ, ಬಣ್ಣದವರೇ.”

ಬಣ್ಣದವರೇ! ಅವಳು ಬೆಚ್ಚಿದಳು. “ಎಲ್ಲರೂ ನನ್ನ ಅಕ್ಕ ಅಂತಾರೆ.”

“ಎಲ್ಲರೂ ಅನ್ಲಿ. ನಾನು ಅನ್ನಲ್ಲ.”

“ಯಾಕೆ?”

ಅವನ ಕಿವಿ ಕೆಂಪಾಯಿತು. ಅವಳಿಗೆ ಅದು ಕಾಣಿಸಿತು. ಕಾಣಿಸಿತು ಎಂಬುದು ಅವನಿಗೂ ಗೊತ್ತಾಯಿತು!

ಹಾಗೆ ಶುರುವಾಯಿತು. ಅವನು ಕಲ್ಲಿನ ಮೇಲೆ, ಅವಳು ಹೊಸ್ತಿಲ ಒಳಗೆ. ನಡುವೆ ಒಂದು ತೋಳಿನಷ್ಟು ಜಾಗ. ಅವನು ನೀಲಿಯ ಬಗ್ಗೆ ಏನೇನೋ ಕೇಳುತ್ತಿದ್ದ, ಮಗ್ಗದ ಸುದ್ದಿ ಹೇಳುತ್ತಿದ್ದ. ಬಿಳಿ ಹಾಸಿನ ಎಳೆಗಳ ನಡುವೆ ಅವಳ ನೀಲಿ ಹೊಕ್ಕು ಹಾಯುವಾಗ ಹೇಗೆ ಕಾಣುತ್ತದೆ, ಕಿಟಕಿಯ ಬಿಸಿಲು ಬಿದ್ದರೆ ಅದೇ ನೀಲಿ ಹೇಗೆ ಬೇರೆಯಾಗುತ್ತದೆ... ಅವಳು ಕೆನ್ನೆಗೆ ಕೈಯಿಟ್ಟು ಕೇಳುತ್ತ ಕೂರುತ್ತಿದ್ದಳು. ಕೆನ್ನೆಗೂ ನೀಲಿ ಹತ್ತುತ್ತಿತ್ತು. ಅವನು ಹೇಳುತ್ತಿರಲಿಲ್ಲ, ನೋಡಿ ನಗುತ್ತಿದ್ದ ಅಷ್ಟೆ.

“ನೀವು ಬಂದು ನೋಡಬೇಕು ಒಂದ್ ಸಲ.”

“ಇಂಥ ನೀಲಿ ಕೈಯೋರು ಮಗ್ಗದ ಮನೆಗೆ ಬರೋ ಹಾಗಿಲ್ಲ. ಬಿಳಿ ನೂಲಿಗೆ ಕಲೆ ಆಗುತ್ತೆ ಅಂತಾರೆ.”

“ಆಗ್ಲಿ ಬಿಡಿ.”

ಒಂದು ದಿನ ಅವನು ಅಂಗೈಯಗಲದ ಬಟ್ಟೆಯೊಂದನ್ನು ಕಲ್ಲಿನ ಮೇಲಿಟ್ಟ. ಪೂರ್ತಿ ನೀಲಿ. ಅವಳದೇ ನೂಲು, ಅವನದೇ ನೇಯ್ಗೆ. ಅವಳು ಅದನ್ನು ಎತ್ತಿಕೊಂಡು ಸುಮ್ಮನೆ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ನೀಲಿಯಲ್ಲೇ ಬೆಳೆದವಳು ಮೈಮೇಲೆ ಒಂದು ದಿನವೂ ನೀಲಿ ಉಟ್ಟಿರಲಿಲ್ಲ. ಬಣ್ಣ ಹಾಕಿದ ನೂಲು ಕಲ್ಲು ದಾಟಿ ಮೇಲೆ ಹೋಗುತ್ತಿತ್ತು. ಮತ್ತೆ ಎಂದೂ ಹಿಂದೆ ಬರುತ್ತಿರಲಿಲ್ಲ.

“ಇದು... ನಂದಾ?”

“ನಿಮ್ಮದು ಅಲ್ದೆ ಇನ್ಯಾರದು?”

ಆ ಮಧ್ಯಾಹ್ನ ಅವಳು ಬಾನಿಯ ಪಕ್ಕ ಕೂತು, ಆ ತುಂಡನ್ನು ಮುಖದ ಮೇಲೆ ಹಾಕಿಕೊಂಡು ಕಣ್ಣು ಬಿಟ್ಟು ನೋಡಿದಳು. ಗೋಡೆ ನೀಲಿ, ಬಿಸಿಲು ನೀಲಿ, ಬಾಗಿಲಾಚೆಯ ಕಲ್ಲೂ ನೀಲಿ. ಆ ಕಲ್ಲಿನ ಮೇಲೆ ಯಾರೋ ಕೂತು ನಗುತ್ತಿರುವ ಹಾಗೆ...

“ಏನೇ ಇದು, ಹಗಲುಗನಸು?” ಸೋದರತ್ತೆ ಎದುರಿಗೆ ನಿಂತಿದ್ದಳು. ಗಂಡನ ಮನೆಯಿಂದ ವಿಧವೆಯಾಗಿ ತವರಿಗೆ ಮರಳಿದ ಅಪ್ಪನ ಅಕ್ಕ ಅವಳು. ನಾಲಿಗೆ ಚೂಪು, ಒಳಗೆ ಬೆಣ್ಣೆ. “ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಿಂದು ಕೈ ನೀಲಿ, ಮನಸ್ಸು ಇನ್ನೂ ನೀಲಿ!”

“ಏನಿಲ್ಲ ಅತ್ತೆ.”

“ಏನಿಲ್ಲ ಅಂದ್ರೇನೇ ಏನೋ ಇದೆ ಅಂತ. ನೋಡು ಮಗಾ, ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಅವನು ಯಾವಾಗ್ಲೂ ಏನು ಕೇಳ್ತಾನೆ ನಿನ್ನ? ಈ ನೀಲಿ ಹೇಗೆ ಬರುತ್ತೆ, ಆ ಹೂ ಹೇಗೆ ಬಿಡುತ್ತೆ, ಅದನ್ನೇ ತಾನೇ? ಮೇಲಿನ ಬೀದಿಯೋರಿಗೆ ನಮ್ಮ ಬಾನಿ ಮೇಲೆ ಕಣ್ಣು ಇವತ್ತಿಂದಲ್ಲ.”

“ಅವರು ಹಾಗಲ್ಲ!”

ಹೇಳಿದ ಮೇಲೆ ತಾನು ಎಷ್ಟು ಜೋರಾಗಿ ಹೇಳಿದೆ ಎಂದು ಅವಳಿಗೇ ನಾಚಿಕೆಯಾಯಿತು.

ಆದರೆ ಅತ್ತೆಯ ಮಾತು ನಿಜವಾಗುವ ಕಾಲ ಬಂದಂತೆಯೇ ಕಂಡಿತು. ಕೆಲವೇ ದಿನಗಳಲ್ಲಿ ಲಾಳಿಯ ತಾಯಿ, ದೊಡ್ಡ ಮಗ್ಗದ ಮನೆಯ ಯಜಮಾನಿ, ತಾನೇ ಇಳಿದು ಬಂದು ಕಲ್ಲಿನಾಚೆ ನಿಂತರು. ಹಾಸಿದ ಚಾಪೆಯ ಮೇಲೆ ಕೂರಲಿಲ್ಲ. ಅಪ್ಪ ಕಾಡಿನಿಂದ ಎದ್ದು ಬಂದರು. ಅವಳು ಬಾಗಿಲ ಹಿಂದೆ ನಿಂತು ಕೇಳಿದಳು.

“ನಿಮ್ಮ ಹುಡುಗಿನ ನಮ್ಮ ಕಿರಿಯವನಿಗೆ ಕೇಳೋಕೆ ಬಂದಿದೀನಿ.”

ಅವಳು ಕೈಯಲ್ಲಿದ್ದ ಬಟ್ಟೆಯ ತುಂಡನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದಳು.

“ಹುಡುಗಿ ಜೊತೆ ಬಾನಿನೂ ಬರಬೇಕು. ನಮ್ಮ ಹಿತ್ತಿಲಲ್ಲಿ ಜಾಗ ಮಾಡಿಸಿಯಾಗಿದೆ.”

ಅವಳ ಮುಷ್ಟಿ ಸಡಿಲವಾಯಿತು.

“ಬಾನಿ ನೆಲದಲ್ಲಿ ಬೇರು ಬಿಟ್ಟಿದೆ ತಾಯೀ,” ಎಂದರು ಅಪ್ಪ. “ಕಿತ್ತರೆ ಬದುಕಲ್ಲ.”

“ಹಾಗಾದ್ರೆ ವಿದ್ಯೆ ಬರಲಿ. ಅಲ್ಲೇ ಹೊಸ ಬಾನಿ ಇಟ್ಕೊಳ್ಳಲಿ.”

“ಮಗಳು ಮಾತು ಕೊಟ್ಟಿದ್ದಾಳೆ. ಮನೆ ಬಿಟ್ಟು ಬರೋ ಹಾಗಿಲ್ಲ. ತಪ್ಪು ತಿಳೀಬೇಡಿ.”

ಯಜಮಾನಿ ತಿರುಗಿ ನಡೆದರು. ಬಾಗಿಲ ಹಿಂದೆ ಅವಳು ಗೋಡೆಗೊರಗಿ ಕುಸಿದಳು.

‘ಬಾನಿ ಬರಬೇಕಂತೆ... ಬಾನಿ! ಅದಕ್ಕೇನಾ ಆ ಕಲ್ಲಿನ ಮೇಲೆ ಕೂತಿದ್ದು? ಕೈ ಚೆಂದ ಅಂದಿದ್ದು? ನಾನೆಂಥ ದಡ್ಡಿ! ಅವನಿಗೆ ಬೇಕಾಗಿದ್ದು ನಾನಲ್ಲ. ನೀಲಿ...’

ಮರುದಿನದಿಂದ ಕಲ್ಲಿನ ಬಳಿಗೆ ಅತ್ತೆ ಹೋದಳು. ಲಾಳಿ ಕೂತು ಕಾದ. ಇಣುಕಿದ. ಕೆಮ್ಮಿದ. ಅತ್ತೆ ನೂಲು ಎತ್ತಿಕೊಂಡು, “ಗಂಟಲು ನೋವಿದ್ರೆ ಬಿಸಿನೀರು ಕುಡಿಯಪ್ಪ,” ಎಂದು ಬಾಗಿಲು ಹಾಕಿದಳು.

ಒಳಗೆ ಅವಳು ಅತ್ತಳು. ಅಡುಗೆ ಮಾಡುತ್ತ ಅತ್ತಳು, ಬಾನಿ ಕಲಕುತ್ತ ಅತ್ತಳು. ಹೊಟ್ಟು ಹಾಕುವುದು ಮರೆತುಹೋಯಿತು. ಒಂದು ಚಳಿಯ ಬೆಳಿಗ್ಗೆ ಹೊದಿಕೆ ಎಳೆಯುವುದೂ ಮರೆತುಹೋಯಿತು. ನೀರಿನ ಮೇಲಿನ ಹೂ ಒಂದೊಂದಾಗಿ ಆರಿ, ಬಾನಿ ಸಪ್ಪೆಯಾಗಿ ಮಲಗಿತು. ಹೇಳಿದ ದಿನಕ್ಕೆ ನೂಲು ಕೊಡಬೇಕಲ್ಲ? ಅದ್ದಿ ತೆಗೆದಳು. ಒಗೆದು ಒಗೆದು ಮಾಸಿದ ಬಟ್ಟೆಯಂಥ ನೀಲಿ ಬಂತು. ಅದನ್ನೇ ಕಳಿಸಿದಳು.

‘ಬಾನಿ ಸತ್ತರೆ ಅಮ್ಮ ಇನ್ನೊಂದ್ ಸಲ ಸತ್ತ ಹಾಗೆ... ನನ್ನ ಕೈಯಲ್ಲೇ!’

ಅವಳು ಬೆಚ್ಚಗಿನ ನೀರು ಸುರಿದಳು, ಸುಣ್ಣ ಹಾಕಿದಳು, ನಾಲಿಗೆಗೆ ಮುಟ್ಟಿಸಿ ರುಚಿ ನೋಡಿದಳು. ಬಾನಿ ಏಳಲಿಲ್ಲ.

ಆ ನೂಲು ಮೇಲಿನ ಬೀದಿಯನ್ನು ಮುಟ್ಟಿತು. “ಬಣ್ಣದಕ್ಕನ ಕೈ ಕೆಟ್ಟಿತು,” ಎಂದರು ಎಲ್ಲರೂ. ಲಾಳಿ ಮಾತ್ರ ಲಡಿಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ಮಗ್ಗದಿಂದ ಎದ್ದ. ಚಪ್ಪಲಿ ಮೆಟ್ಟಲೂ ಮರೆತು ಕೆಳಗಿನ ಬೀದಿಗೆ ಓಡಿದ.

“ಬಣ್ಣದವರೇ! ನೂಲು ನೋಡಿದೆ!”

ಬಾಗಿಲು ತೆರೆಯಲಿಲ್ಲ. ಅದರ ಹಿಂದಿನಿಂದ ಅವಳ ಸಣ್ಣ ದನಿ ಬಂತು. “ಬಣ್ಣ ತೆಳುವಾಗಿದೆ ಅಂತ ದೂರು ಹೇಳೋಕೆ ಬಂದ್ರಾ?”

“ಅಲ್ಲ. ಯಾಕ್ ಅತ್ರಿ ಅಂತ ಕೇಳೋಕೆ ಬಂದೆ.”

ಅವಳು ತುಟಿ ಕಚ್ಚಿದಳು. ಊರಿಗೆಲ್ಲ ಕಂಡಿದ್ದು ಕೆಟ್ಟ ಬಣ್ಣ. ಇವನೊಬ್ಬನಿಗೆ...! ಬಾಗಿಲು ದಡಾರನೆ ತೆರೆದಳು. ಕಣ್ಣು ಊದಿತ್ತು, ಮೂಗು ಕೆಂಪಾಗಿತ್ತು.

“ನಿಮಗೆ ಬೇಕಾಗಿದ್ದು ಬಾನಿ ತಾನೇ? ನೋಡಿ, ಅದು ಮಲಗಿಬಿಟ್ಟಿದೆ. ಇನ್ನು ನನ್ನ ಹತ್ರ ಏನೂ ಇಲ್ಲ. ಹೋಗಿ!”

“ಬಾನಿನಾ? ನನಗ್ಯಾಕೆ ಬಾನಿ?”

“ನಿಮ್ಮಮ್ಮನೇ ಹೇಳಿದ್ರಲ್ಲ! ಹುಡುಗಿ ಜೊತೆ ಬಾನಿ ಬರಬೇಕು ಅಂತ!”

“ಹಾಗಂದ್ರಾ ಅಮ್ಮ?” ಅವನ ಮುಖ ಬಿಳಚಿಕೊಂಡಿತು. “ನಿಮ್ಮ ಕಡೆಯೋರು ಒಪ್ಪಲಿಲ್ಲ ಅಂದ್ರು, ಅಷ್ಟೇ. ನಿಮಗೇ ಇಷ್ಟ ಇಲ್ಲ ಅಂದ್ಕೊಂಡು ನಾನು...”

“ಹೌದು, ನಾನೇ ಅಂದಿದ್ದು!” ಹಿಂದಿನಿಂದ ಏದುಸಿರಿನ ದನಿ. ಮಗನ ಬೆನ್ನಟ್ಟಿ ಬಂದ ಯಜಮಾನಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. “ನೀನೇ ಅಲ್ವೇನೋ ಹೇಳಿದ್ದು, ಅವಳು ಬಾನಿ ಬಿಟ್ಟು ಬದುಕಲ್ಲ ಅಮ್ಮಾ ಅಂತ? ಹುಡುಗಿ ಕೊರಗಬಾರದು ಅಂತ ಹಿತ್ತಿಲಲ್ಲಿದ್ದ ನನ್ನ ಹೂವಿನ ಗಿಡ ಎಲ್ಲ ಕೀಳಿಸಿ ಜಾಗ ಮಾಡಿಸ್ದೆ. ಅದಕ್ಕೂ ತಪ್ಪಾ?”

ಅವಳು ಬೆರಗಾಗಿ ನೋಡಿದಳು.

ಹಾಗಾದರೆ ಅಂದು ಕೇಳಿದ್ದು ಅಪ್ಪಣೆಯಲ್ಲ, ಪ್ರೀತಿ! ಹುಟ್ಟಿದಾಗಿನಿಂದ ಮೇಲೆ ನಿಂತು ಮಾತಾಡಿದವರಿಗೆ ಬೇಡುವುದೂ ಅಪ್ಪಣೆಯ ದನಿಯಲ್ಲೇ ಬರುತ್ತದೆ. ಕೆಳಗೆ ನಿಂತು ಕೇಳಿದವರಿಗೆ ಪ್ರೀತಿಯೂ ಅಪ್ಪಣೆಯಂತೆಯೇ ಕೇಳಿಸುತ್ತದೆ. ಯಾರನ್ನು ಬೈಯೋಣ ಹೇಳಿ?

“ನಾನು... ನಾನು ತಪ್ಪು ತಿಳ್ಕೊಂಡೆ,” ಎಂದಳು. ಕಣ್ಣೀರು ಮತ್ತೆ ಹರಿಯಿತು. “ಆದ್ರೆ ತಿಳ್ಕೊಂಡು ಪ್ರಯೋಜನ ಏನು? ನಾನು ಬರೋ ಹಾಗಿಲ್ಲ. ಅಪ್ಪನಿಗೆ ಮಾತು ಕೊಟ್ಟಿದೀನಿ. ಈ ಬಾನಿ ನಮ್ಮಮ್ಮ. ಬಿಟ್ಟು ಬಂದ್ರೆ ನಾನು ನಾನಾಗಿರಲ್ಲ. ಬರ್ದೇ ಇದ್ರೆ...” ಸೆರಗಿನಿಂದ ಮೂಗೊರೆಸಿಕೊಂಡಳು. “ಬರ್ದೇ ಇದ್ರೂ ನಾನು ನಾನಾಗಿರಲ್ಲ. ಈ ಕಲ್ಲಿನ ಮೇಲೆ ನೀವು ಕೂತಿಲ್ಲ ಅಂದ್ರೆ ನನಗೆ ಬೆಳಗಾಗಲ್ಲ. ಸಾಕಾ? ಹೇಳಿಬಿಟ್ಟೆ!”

ಎಲ್ಲರಿಗೂ ಅಕ್ಕನಾದವಳು ಮೊದಲ ಸಲ ತನಗಾಗಿ ಒಂದು ಮಾತು ಆಡಿದ್ದಳು.

ಲಾಳಿ ಓಡಾಡಲಿಲ್ಲ, ತಡಬಡಿಸಲಿಲ್ಲ. ಹೊಸ್ತಿಲಿನ ಎದುರು ಕೈಕಟ್ಟಿ ನಿಂತು, ಒಳಗೆ ಬಂದು ನಿಂತಿದ್ದ ಅಪ್ಪನ ಕಡೆ ನೋಡಿದ.

“ಯಜಮಾನರೇ, ಒಂದು ಕೇಳ್ತೀನಿ. ನಿಮ್ಮ ಮನೆ ವಿದ್ಯೆ ಯಾರಿಗೆ ಕಲಿಸ್ತೀರಿ?”

“ಸೊಸೆಗೆ.”

“ಸೊಸೆ ಅಂದ್ರೆ ಯಾರು?”

ಅಪ್ಪ ಹುಬ್ಬು ಗಂಟಿಕ್ಕಿದರು. “ಇದೆಂಥ ಪ್ರಶ್ನೆ? ಹುಟ್ಟಿದ ಮನೆ ಬಿಟ್ಟು ಈ ಮನೆಗೆ ಬರೋಳು. ಬಂದ ಮೇಲೆ ಇದೇ ನನ್ನ ಮನೆ ಅಂತ ಇರೋಳು.”

“ಹಾಗಾದ್ರೆ ನಾನು ಈ ಮನೆಗೆ ಸೊಸೆಯಾಗಿ ಬರ್ತೀನಿ.”

ಸೋದರತ್ತೆ ಬಾಯಿಗೆ ಕೈ ಅಡ್ಡ ಹಿಡಿದು ಗೊಳ್ಳನೆ ನಕ್ಕಳು. “ಅಯ್ಯೋ ರಾಮ! ಗಡ್ಡ ಇರೋ ಸೊಸೆ!”

“ಅತ್ತೆ, ಬೇಕಾದ್ರೆ ಗಡ್ಡ ತೆಗೀತೀನಿ,” ಎಂದ ಅವನು, ನಗದೆ.

“ತಲೆ ಕೆಟ್ಟಿದೆಯೇನೋ ನಿಂಗೆ?” ತಾಯಿ ಕಿರುಚಿದರು. “ಮೇಲಿನ ಬೀದಿ ಗಂಡು ಮಗ ಕೆಳಗಿನ ಬೀದಿಗೆ ಬಂದು ಇರೋದಾ? ಕೈ ನೀಲಿ ಆದ್ರೆ ಬಿಳಿ ನೂಲು ಮುಟ್ಟೋ ಹಾಗಿಲ್ಲ, ಗೊತ್ತಾ? ಜನ ಏನಂತಾರೆ?”

“ಬಿಳಿದು ಅಣ್ಣ ನೇಯ್ತಾನೆ. ನಾನು ನೀಲಿ ನೇಯ್ತೀನಿ, ಇದೇ ಪಡಸಾಲೆಯಲ್ಲಿ ಮಗ್ಗ ಹಾಕ್ಕೊಂಡು.” ಅವನು ತಾಯಿಯ ಕಡೆ ತಿರುಗಿದ. ದನಿ ಮೆತ್ತಗಾಯಿತು. “ಅಮ್ಮಾ, ನೀನು ನಿನ್ನ ತವರು ಬಿಟ್ಟು ಬಂದೆಯಲ್ಲ. ಜನ ಏನಂದ್ರು?”

ನೋಡುತ್ತಿದ್ದಂತೆ ಯಜಮಾನಿಯ ಬಿಗಿದ ಮುಖ ಸಡಿಲವಾಯಿತು.

“ಏನೂ ಅನ್ನಲಿಲ್ಲ,” ಎಂದರು. “ಅತ್ತುಕೊಂಡು ಬಂದೆ. ತವರಲ್ಲಿ ಒಂದು ಹಳೇ ಬಾವಿ ಇತ್ತು, ಅದರ ಕಟ್ಟೆ ಮೇಲೆ ಕೂತ್ಕೊಳ್ತಿದ್ದೆ. ಈಗಲೂ ಕನಸಲ್ಲಿ ಬರುತ್ತೆ. ನಿಂಗೆ ಏನು ಬಿಟ್ಟು ಬರೋಕೆ ಕಷ್ಟ ಅಂತ ನನ್ನ ಯಾರೂ ಒಂದ್ ಮಾತು ಕೇಳಲಿಲ್ಲ ಕಣೋ.”

ಹೇಳುತ್ತ ಹೇಳುತ್ತ, ತಾವು ಯಾವಾಗ ಆ ಕಲ್ಲಿನ ಮೇಲೆ ಕೂತೆವೆಂಬುದು ಅವರಿಗೂ ತಿಳಿಯಲಿಲ್ಲ.

ಅಪ್ಪ ಮಗಳ ಹತ್ತಿರ ಬಂದರು. ನಡುಗುವ ಕೈಯನ್ನು ಅವಳ ತಲೆಯ ಮೇಲಿಟ್ಟರು.

“ನೀನು ಮಾತು ಕೊಟ್ಟಾಗ ಇನ್ನೂ ಮಗು. ತಗೊಂಡ ನಾನು ಮಗು ಆಗಿರಲಿಲ್ಲ. ನಿನ್ನ ಮೇಲೆ ಎಲ್ಲ ಹೊರಿಸಿ, ನಾನು ಹಿತ್ತಿಲಿಗೆ ಹೋಗಿ ಕಾಡು ಅಂತ ಕೂತೆ.”

“ಅಪ್ಪಾ...” ಅವಳಿಗೆ ತಡೆಯಲಾಗಲಿಲ್ಲ. “ನಂದು ಯಾವ ಕಾಲ ಅಪ್ಪಾ?”

“ಎರಡನೇದು ಮಗಳೇ. ನಾನೇ ಅದರ ಬಾಗಿಲಿಗೆ ಅಡ್ಡ ಮಲಗಿದ್ದೆ.” ಅವರು ಕಣ್ಣೊರೆಸಿಕೊಂಡು ಲಾಳಿಯ ಕಡೆ ನೋಡಿದರು. “ಆದ್ರೆ ಈ ಮನೆಗೆ ಸೊಸೆ ಬರೋದು ಬಾನಿ ಹೂ ಬಿಟ್ಟ ದಿನ. ಈಗ ಅದು ಮಲಗಿದೆ. ಕಾಯ್ತೀಯಾ?”

“ಕಾಯೋಕೆ ಕಲ್ಲಿದೆಯಲ್ಲ,” ಎಂದ ಅವನು.

ಕಾದ. ದಿನಾ ಬೆಳಿಗ್ಗೆ ಸೌದೆ ತಂದು, ಅಂಗಳದಲ್ಲಿ ಒಲೆ ಹೂಡಿ, ನೀರು ಕಾಯಿಸಿ ಕಲ್ಲಿನವರೆಗೆ ತಂದಿಡುತ್ತಿದ್ದ. ಅವಳು ಒಯ್ದು ಬಾನಿಗೆ ಹನಿ ಹನಿಯಾಗಿ ಸುರಿಯುತ್ತಿದ್ದಳು. ಹೊಟ್ಟು ಉಣಿಸಿದಳು, ಹೊದಿಸಿದಳು, ಕಲಕಿದಳು. ಈಗ ಅಳು ಇರಲಿಲ್ಲ. ಕಲಕುತ್ತ ಕಲಕುತ್ತ, ಅಮ್ಮ ಗುನುಗುತ್ತಿದ್ದ ಏನೋ ಒಂದು ರಾಗ ತಾನೇ ಬಾಯಿಗೆ ಬರುತ್ತಿತ್ತು. ಹೊರಗಿನಿಂದ ಒಬ್ಬ ಅದಕ್ಕೆ ತಾಳ ತಪ್ಪಿ ತಪ್ಪಿ ಕಲ್ಲು ತಟ್ಟುತ್ತಿದ್ದ.

“ನಿಮ್ಮ ತಾಳಕ್ಕೆ ಬಾನಿ ಇನ್ನೂ ಗಾಢವಾಗಿ ಮಲಗುತ್ತೆ!” ಎಂದಳು ಅವಳು.

“ಅಲ್ಲ, ಸಹಿಸೋಕಾಗ್ದೆ ಏಳುತ್ತೆ, ನೋಡ್ತಿರಿ!”

ಒಂದು ಬೆಳಿಗ್ಗೆ ಹೊದಿಕೆ ಎತ್ತಿದವಳು ಹಾಗೇ ನಿಂತಳು. ನೀರಿನ ನಡುವೆ ತಾಮ್ರದ ಹೊಳಪಿನ ಒಂದು ಗುಳ್ಳೆ. ಅದರ ಪಕ್ಕ ಇನ್ನೊಂದು. ಕಣ್ಣೆದುರೇ ಮತ್ತೊಂದು...

“ಅಪ್ಪಾ! ಅತ್ತೇ! ಹೂ...!”

ಆ ದಿನವೇ ಯಜಮಾನಿ ಮಗನನ್ನು ಒಪ್ಪಿಸಿಕೊಡಲು ಕರೆದುಕೊಂಡು ಇಳಿದು ಬಂದರು. ಮೇಲಿನ ಬೀದಿಯ ಕಿಟಕಿಗಳೆಲ್ಲ ತೆರೆದಿದ್ದವು. ಕೆಲವರು ನಕ್ಕರು, ಕೆಲವರು ಮುಖ ತಿರುಗಿಸಿದರು. ಅವರು ಯಾರ ಕಡೆಗೂ ನೋಡಲಿಲ್ಲ. ಕಲ್ಲಿನ ಹತ್ತಿರ ನಿಂತು ಮಗನ ಅಂಗಿಯ ಗುಂಡಿ ಸರಿಪಡಿಸಿದರು.

“ಹೊಂದ್ಕೊಂಡು ಹೋಗು. ಹಿರಿಯರಿಗೆ ಎದುರು ಮಾತಾಡಬೇಡ. ಬೆಳಿಗ್ಗೆ ಬೇಗ ಏಳು...” ಸರಿಯಾಗಿದ್ದ ಗುಂಡಿಯನ್ನೇ ಮತ್ತೆ ಸರಿಪಡಿಸಿದರು. “ಏನಾದ್ರೂ ಕಷ್ಟ ಆದ್ರೆ ತವರಿದೆ ಅಂತ ನೆನಪಿಟ್ಕೋ.”

“ಅಮ್ಮಾ, ಒಂದು ಬೀದಿ ಕೆಳಗೆ ಇದೀನಿ, ಅಷ್ಟೇ.”

“ಆದ್ರೂ!”

“ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಿದ್ರು,” ಸೋದರತ್ತೆ ಸೆರಗಿನಿಂದ ಕಣ್ಣೊರೆಸುತ್ತಲೇ ನಕ್ಕಳು. “ಈಗ ಕೊಟ್ಟ ಗಂಡು! ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂದ್ರೆ ಇದೇ ಇರಬೇಕು. ಬಾಪ್ಪಾ ಸೊಸೆ, ಬಲಗಾಲಿಟ್ಟು ಬಾ... ಅದೂ ಅವತ್ತೇ ಇಟ್ಟಾಗಿದೆಯಲ್ಲ ನೀನು!”

ಅವನು ಹೊಸ್ತಿಲ ಹತ್ತಿರ ಬಂದು ನಿಂತ. ಈ ಸಲ ಕಾಲೆತ್ತಲಿಲ್ಲ. ಒಳಗೆ ನಿಂತವಳ ಮುಖವನ್ನೇ ನೋಡುತ್ತ ಕಾದ.

ಅವಳ ಕೈಗಳು ಅಭ್ಯಾಸದಂತೆ ಬೆನ್ನ ಹಿಂದೆ ಹೋಗಿದ್ದವು. ಅವಳು ಅವನ್ನು ಮುಂದಕ್ಕೆ ತಂದಳು. ಉಗುರಿನಿಂದ ಮೊಣಕೈವರೆಗೆ ನೀಲಿಯಾದ ಎರಡೂ ಕೈಗಳನ್ನು ಬೀದಿಯೆಲ್ಲ ನೋಡುವಂತೆ ಚಾಚಿದಳು.

“ಒಳಗೆ ಬಾ.”

ಬಾ! ಬನ್ನಿ ಅಲ್ಲ... ಬಾ. ಅವನ ಕಿವಿ ಮತ್ತೆ ಕೆಂಪಾಯಿತು.

ಅವಳು ಅವನನ್ನು ಬಾನಿಯ ಬಳಿ ಕೂರಿಸಿದಳು. ಅವನ ಮಣಿಕಟ್ಟು ಹಿಡಿದು, ತನ್ನ ಕೈಯ ಜೊತೆಗೇ ಅವನ ಕೈಯನ್ನೂ ನಿಧಾನವಾಗಿ ನೀರಿಗೆ ಇಳಿಸಿದಳು. ನೀರು ಬೆಚ್ಚಗಿತ್ತು. ಒಳಗೆ ಬೆರಳಿಗೆ ಬೆರಳು ಸಿಕ್ಕಿತು.

“ಈಗ ತೆಗಿ.”

ಅವನು ಕ್ಷಣ ತಡೆದ. “ಇನ್ನು ಬಿಳಿ ನೂಲು ಮುಟ್ಟೋ ಹಾಗಿಲ್ಲ, ಅಲ್ವಾ?”

“ಇಲ್ಲ. ಬೇಜಾರಾ?”

“ಸ್ವಲ್ಪ,” ಎಂದ ಅವನು ಸುಳ್ಳು ಹೇಳದೆ. “ಬೇಜಾರು ಹೇಳ್ಕೊಳ್ಳೋಕೆ ನೀನಿದೀಯಲ್ಲ, ಪರವಾಗಿಲ್ಲ.”

ಕೈ ಮೇಲೆತ್ತಿದ. ಚಿಗುರಿನ ಹಸಿರು. ಬಾಗಿಲಿನಿಂದ ಗಾಳಿ ಬಂತು. ಬೆರಳ ತುದಿಯಿಂದ ಅಂಗೈಗೆ, ಅಂಗೈಯಿಂದ ಮಣಿಕಟ್ಟಿಗೆ ನೀಲಿ ಹರಡುತ್ತ ಹೋಯಿತು. ಅವನು ಅದೇ ಮೊದಲ ದಿನದ ಹಾಗೆ ಬಾಯಿ ಬಿಟ್ಟುಕೊಂಡು ನೋಡಿದ. ಅವಳು ಅವನನ್ನು ನೋಡಿದಳು.

“ಅವತ್ತು ಇನ್ನೊಂದ್ ಸಲ ಮಾಡಿ ತೋರಿಸಿದ್ರೆ ಹೋಗ್ತೀನಿ ಅಂದಿದ್ದೆ ನೀನು,” ಎಂದಳು ಮೆಲ್ಲಗೆ. “ಈಗ ತೋರಿಸಿದ್ದಾಯ್ತು.”

ಅವನು ತನ್ನ ನೀಲಿ ಕೈಯನ್ನು ಅವಳ ನೀಲಿ ಕೈಯೊಳಗಿಟ್ಟ.

“ಎಲ್ಲಿಗೆ ಹೋಗ್ಲಿ? ನನ್ನ ಮನೆ ಇದೇ ಅಲ್ವಾ?”